ಅತ್ತೆಯನ್ನು ನಡೆಸಿದ ಟೈರು

ಕಾರಿಗೆ ಹೊಸ ಟೈರು ಹಾಕಿಸುವ ಕೆಲಸಕ್ಕೆ ಬಾಮೈದ ಕುಬಾತನ ನೆರವು ಬೇಡವೇ ಬೇಡ ಎಂದು ಸಪರ್‌ಬೆಕ್ ಬೆಳಗಿನ ಚಹಾದ ಹೊತ್ತಿಗೆ ಘೋಷಿಸಿಬಿಟ್ಟ. ಅಟ್‌ಬಾಶಿಯ ಜಾನುವಾರು ಸಂತೆಯಲ್ಲಿ ಅವನ ಕಣ್ಣಳತೆಗೆ ದೊಡ್ಡ ಹೆಸರಿತ್ತು. ಕುದುರೆಯ ತುಟಿ ಎತ್ತಿ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ. ಕುರಿಯ ಬೆನ್ನ ಮೇಲೆ ಅಂಗೈ ಇಟ್ಟು ಎಷ್ಟು ಮಾಂಸ ಬಿದ್ದೀತು ಎನ್ನುತ್ತಿದ್ದ. ಅವನು ಹೇಳಿದ ಮೇಲೂ ತಕ್ಕಡಿ ತರಿಸುವುದು ಅವನಿಗೆ ಮಾಡುವ ಅವಮಾನವೆಂದು ಊರಿನವರೇ ತಿಳಿದಿದ್ದರು.

"ಉಸಿರಾಡೋ ಪ್ರಾಣೀನೇ ಓದೋನಿಗೆ, ಟೈರಿನ ಮೇಲೆ ಅಚ್ಚೊತ್ತಿರೋ ಅಂಕಿ ಓದಕ್ಕೆ ಬರಲ್ವಾ?" ಎಂದು ಹೆಂಡತಿ ಕುಲೈಮಳನ್ನು ಕೇಳಿದ.

ಕುಲೈಮ್ ಬಟ್ಟಲಿಗೆ ಚಹಾ ಬಗ್ಗಿಸುತ್ತ, "ಕುದುರೇನ ತಪ್ಪಾಗಿ ಓದಿದ್ರೆ ಅದು ಒದ್ದು ತಿದ್ದುತ್ತೆ ರೀ. ಟೈರಿಗೆ ಕಾಲಿಲ್ಲ" ಎಂದಳು.

ಇಷ್ಟು ಅವಸರಕ್ಕೆ ಕಾರಣ ಅತ್ತೆ ಬಾತ್ಮಾ. ಚಳಿಗಾಲ ಕಳೆಯಲೆಂದು ಮಗಳ ಮನೆಗೆ ಬಂದಿದ್ದ ಈಕೆಗೂ ಕೊಚ್ಕೋರಿನಲ್ಲಿದ್ದ ಅಕ್ಕ ಸೈರಕನಳಿಗೂ ಬಹಳ ಕಾಲದಿಂದ ಮಾತಿರಲಿಲ್ಲ. ಅಕ್ಕನ ಮನೆಯ ಔತಣದಲ್ಲಿ ಮಾಂಸ ಹಂಚುವಾಗ ಹಿರಿಯರಿಗೆ ಸಲ್ಲಬೇಕಾದ ಸೊಂಟದ ಮೂಳೆ ಬಾತ್ಮಾಳ ತಟ್ಟೆಗೆ ಬರಲಿಲ್ಲ. ಬಂದದ್ದು ಸೊಸೆಯಂದಿರಿಗೆ ಕೊಡುವ ಮೂಳೆ. ಬಾತ್ಮಾ ಕೈ ತೊಳೆದು ಎದ್ದವಳು ಮತ್ತೆ ಆ ಹೊಸ್ತಿಲು ತುಳಿದಿರಲಿಲ್ಲ. ಈಗ ಅಕ್ಕ ಹಾಸಿಗೆ ಹಿಡಿದಿದ್ದಾಳೆ, ತಂಗಿಯನ್ನು ನೋಡಬೇಕು ಎನ್ನುತ್ತಿದ್ದಾಳೆ ಎಂಬ ಸುದ್ದಿ ಬಂದಿತ್ತು. ಬಾತ್ಮಾ ಇಡೀ ದಿನ ಕಿಟಕಿಯ ಬಳಿ ಕೂತಿದ್ದು, ಸಂಜೆ "ಹೋಗೋಣ" ಎಂದಳು. ಆ ಮಾತು ಎಷ್ಟು ಹೊತ್ತು ಬಾಳುತ್ತದೋ ಯಾರಿಗೂ ಗೊತ್ತಿರಲಿಲ್ಲ. ನರಿನ್ ಪೇಟೆಯಲ್ಲಿದ್ದ ಕುಬಾತ್, ತಾನೇ ಬಂದು ಅಮ್ಮನನ್ನು ಕರೆದೊಯ್ಯುತ್ತೇನೆಂದು ಫೋನು ಮಾಡಿದ್ದ. ಮನೆಯಲ್ಲಿ ಗಂಡಸು ನಾನಿಲ್ಲವೇ ಎಂದು ಸಪರ್‌ಬೆಕ್ ಫೋನು ಇಟ್ಟುಬಿಟ್ಟಿದ್ದ. ಆದರೆ ಅವನ ಹಳೆಯ ಜರ್ಮನ್ ಕಾರಿನ ಟೈರುಗಳು ಕಲ್ಲಂಗಡಿ ಸಿಪ್ಪೆಯಂತೆ ನುಣ್ಣಗಾಗಿದ್ದವು. ಅವನ್ನು ಹಾಕಿಕೊಂಡು ಕೊಚ್ಕೋರಿನ ದಾರಿಯ ದೊಲೋನ್ ಘಟ್ಟ ಹತ್ತುವಂತಿರಲಿಲ್ಲ.

ಹಳೆಯ ಟೈರಿನ ಮೇಲೆ 195/65 R15 91T ಎಂದಿತ್ತು. ಸಪರ್‌ಬೆಕ್ ಅದನ್ನು ಕುದುರೆಯ ಹಲ್ಲು ನೋಡುವ ಗಾಂಭೀರ್ಯದಿಂದ ನೋಡಿದ. 195 ಅಗಲದ ಮಿಲಿಮೀಟರು. ಸರಿಯಾಗಿತ್ತು. 15 ಒಳಗಿನ ಚಕ್ರದ ಇಂಚು. ಅದೂ ಸರಿಯಾಗಿತ್ತು. ಆಮೇಲೆ 65 ಎಂದರೆ ಚಕ್ರದ ಅಂಚಿನಿಂದ ನೆಲದವರೆಗಿನ ರಬ್ಬರಿನ ಎತ್ತರ, ಅದೂ ಮಿಲಿಮೀಟರಿನಲ್ಲೇ ಎಂದು ಲೆಕ್ಕ ಹಾಕಿದ. ಟೈರು ಎಷ್ಟು ಭಾರ ಹೊರಬಲ್ಲದು ಎಂದು ಹೇಳುವ 91ನ್ನು ಕಾರ್ಖಾನೆಯವರು ನೂರಕ್ಕೆ ಕೊಟ್ಟ ಅಂಕವೆಂದುಕೊಂಡ. ಎಷ್ಟು ವೇಗದವರೆಗೆ ಓಡಿಸಬಹುದು ಎಂದು ತಿಳಿಸುವ T ಅಕ್ಷರ ಅವನ ಕಣ್ಣಿಗೆ ತ್ಯಾನ್‌ಶಾನ್ ಪರ್ವತವಾಯಿತು. ನಮ್ಮ ಬೆಟ್ಟಗಳಿಗೆಂದೇ ಮಾಡಿದ ಸರಕು ಎಂದು ಹೆಮ್ಮೆಪಟ್ಟ.

ಬಜಾರಿನಲ್ಲಿ ಅದೇ ಅಂಕಿಯ ಟೈರು ಮುಗಿದಿತ್ತು. 205/75 R15 97T ಇತ್ತು. ಅಗಲ ಒಂದು ಚೂರು ಹೆಚ್ಚು, ಎತ್ತರ ಹತ್ತೇ ಮಿಲಿಮೀಟರು ಹೆಚ್ಚು, ಅಂಕವಂತೂ ತೊಂಬತ್ತೇಳು! ಇದೇ ತಾನೆ ನಿಮಗೆ ಬೇಕಾದದ್ದು ಎಂದು ಅಂಗಡಿಯವನು ಕೇಳಿದ್ದಕ್ಕೆ, ಇದಕ್ಕಿಂತ ಒಳ್ಳೆಯದು ಎಲ್ಲಿದೆ ಎಂದು ಸಪರ್‌ಬೆಕ್ ನಕ್ಕ. ನಾಲ್ಕೂ ಹಾಕಿಸಿ ಒಬ್ಬನೇ ಮನೆಗೆ ಓಡಿಸಿಕೊಂಡು ಬಂದಾಗ ಕಾರು ತಲೆಯೆತ್ತಿದ ಕುದುರೆಯಂತೆ ನಿಂತಿತ್ತು. ಒಂದು ಸದ್ದಿಲ್ಲ. ಹಳೆಯ ಟೈರುಗಳಲ್ಲಿ ಒಂದನ್ನು ಆಪತ್ತಿಗಿರಲಿ ಎಂದು ಡಿಕ್ಕಿಯಲ್ಲಿ ಇಟ್ಟುಕೊಂಡ.

ಮರುದಿನ ಬೆಳಿಗ್ಗೆ ಕಾರಿಗೆ ಭಾರ ಬಿತ್ತು. ಡಿಕ್ಕಿಗೆ ಹಿಟ್ಟಿನ ಮೂಟೆ, ಅರ್ಧ ಕುರಿ, ಹಣ್ಣಿನ ಪಾಕದ ಜಾಡಿಗಳು ಹೋದವು. ಕುಲೈಮ್ ಮುಂದೆ ಗಂಡನ ಪಕ್ಕ ಕೂತಳು, ಹಿಂದಿನ ಸೀಟಿಗೆ ಬಾತ್ಮಾ ಬಂದಳು. ಬಾತ್ಮಾ ದೊಡ್ಡ ಜೀವ. ಅವಳು ಕೂತಾಗ ಸೀಟು ನಿಟ್ಟುಸಿರು ಬಿಟ್ಟಿತು. ಊರ ಮುಂದಿನ ಸೇತುವೆಯ ಮೇಲೆ ಕಾರು ಒಮ್ಮೆ ಕುಣಿದಾಗ ಹಿಂದಿನಿಂದ ಗರ್ರನೆ ಸದ್ದು ಬಂತು. ಯಾವುದೋ ಪ್ರಾಣಿ ಗೊರಕೆ ಹೊಡೀತಿದೆಯಲ್ಲ ಎಂದು ಬಾತ್ಮಾ ಕೇಳಿದಳು. ಹೊಸ ಚಪ್ಪಲಿ ಮೊದಲು ಕಿರಿಕಿರಿ ಅನ್ನುವುದಿಲ್ಲವೇ, ಹಾಗೆ, ಎಂದು ಅಳಿಯ ಸಮಾಧಾನ ಹೇಳಿದ.

ನೇರ ರಸ್ತೆಯಲ್ಲಿ ಸದ್ದು ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಘಟ್ಟ ಶುರುವಾದ ಮೇಲೆ ತಿರುವು ತಿರುವಿಗೂ ಬಂತು. ಕಾರು ಬಲಕ್ಕೆ ತಿರುಗಿದಾಗ ಭಾರವೆಲ್ಲ ಎಡಕ್ಕೆ ವಾಲಿ, ಎಡಗಡೆಯ ಟೈರು ಮೇಲಿನ ತಗಡಿಗೆ ಉಜ್ಜುತ್ತಿತ್ತು. ಎಡಕ್ಕೆ ತಿರುಗಿದರೆ ಬಲಗಡೆಯದು. ಸಪರ್‌ಬೆಕ್ ಬಹಳ ವಿನಯದಿಂದ, ಬಲ ತಿರುವು ಬಂದಾಗ ಬಲಕ್ಕೆ, ಎಡ ತಿರುವು ಬಂದಾಗ ಎಡಕ್ಕೆ ಸ್ವಲ್ಪ ಸರಿದು ಕೂರಬೇಕೆಂದು ಅತ್ತೆಯನ್ನು ಕೇಳಿಕೊಂಡ. ಬಾತ್ಮಾ ಒಂದಷ್ಟು ದೂರ ಸೀಟಿನ ಮೇಲೆ ಆಚೆಗೂ ಈಚೆಗೂ ಜರುಗಿದಳು. ಆಮೇಲೆ, "ನನ್ನನ್ನ ಅಕ್ಕನ ಮನೆಗೆ ಕರ್ಕೊಂಡು ಹೋಗ್ತಿದೀಯೋ, ಮಜ್ಜಿಗೆ ಕಡೀತಿದೀಯೋ?" ಎಂದಳು.

ಅಷ್ಟರಲ್ಲಿ ಸುಟ್ಟ ರಬ್ಬರಿನ ವಾಸನೆ ಒಳಗೆ ತುಂಬಿತು. ಘಟ್ಟದ ನೆತ್ತಿಯಲ್ಲಿ ಕಾರು ನಿಲ್ಲಿಸಿದರು. ಸುತ್ತ ಹಿಮ, ಬೀಸುವ ಗಾಳಿ. ಸಪರ್‌ಬೆಕ್ ಟೈರಿನ ಪಕ್ಕ ಮಂಡಿಯೂರಿ ಕೂತ. ಅಳೆಯಲು ಬೇರೇನೂ ಇಲ್ಲದ್ದರಿಂದ ಜೇಬಿನ ಬೆಂಕಿಪೊಟ್ಟಣ ತೆಗೆದ. ಅದು ಐದು ಸೆಂಟಿಮೀಟರಿನದು. ಅವನ ಲೆಕ್ಕದ ಪ್ರಕಾರ ರಬ್ಬರಿನ ಎತ್ತರ ಒಂದೂವರೆ ಪೊಟ್ಟಣವಾಗಬೇಕಿತ್ತು. ಆದದ್ದು ಮೂರು. ಇನ್ನೊಮ್ಮೆ ಇಟ್ಟು ನೋಡಿದ. ಮೂರೇ. ಅಗಲ ನೋಡಿದರೆ ನಾಲ್ಕು ಪೊಟ್ಟಣ. ಅವನು ಹಿಮದಲ್ಲಿ ಹಾಗೇ ಕೂತುಬಿಟ್ಟ. ನಾಲ್ಕರಲ್ಲಿ ಮೂರು ಎಂದರೆ ನೂರರಲ್ಲಿ ಎಪ್ಪತ್ತೈದು. 75 ಮಿಲಿಮೀಟರೇ ಅಲ್ಲ. ಅಗಲ ನೂರಾದರೆ ಎತ್ತರ ಎಪ್ಪತ್ತೈದು ಎಂದು ಟೈರು ಸ್ಪಷ್ಟವಾಗಿ ಹೇಳಿತ್ತು. ನೂರಕ್ಕೆ ಎಂದು ಓದಬೇಕಾದ್ದನ್ನು ಅಳತೆ ಎಂದು ಓದಿದ್ದ, ಭಾರದ ಗುರುತನ್ನು ನೂರಕ್ಕೆ ಎಂದು ಓದಿದ್ದ. ಡಿಕ್ಕಿಯಲ್ಲಿದ್ದ ಹಳೆಯ ಟೈರಿಗೂ ಪೊಟ್ಟಣ ಹಿಡಿದ. ಎರಡೂವರೆ. ಸುತ್ತಲೂ ಅರ್ಧ ಪೊಟ್ಟಣ ದಪ್ಪಗಿರುವ ಟೈರುಗಳನ್ನು ತಂದು ತಗಡಿನ ಕೆಳಗೆ ತುರುಕಿದ್ದ.

ಕಾರಿನೊಳಗಿಂದ ಬಾತ್ಮಾ, ಇದೆಲ್ಲ ಅಪಶಕುನ, ಮನೆಗೆ ತಿರುಗಿಸು ಎಂದಳು. ಅವಳ ದನಿಯಲ್ಲಿ ಕೋಪಕ್ಕಿಂತ ಹೆಚ್ಚಾಗಿ ನಿರಾಳವಿತ್ತು. ಅದನ್ನು ಕೇಳಿಯೇ ಕುಲೈಮ್ ಗಂಡನ ಬಳಿ ಬಂದು ತಗ್ಗಿದ ದನಿಯಲ್ಲಿ ಹೇಳಿದಳು: "ಇವತ್ತು ವಾಪಸ್ ಹೋದ್ರೆ ಅವ್ವ ಮತ್ತೆ ಹೊರಡಲ್ಲ. ದೊಡ್ಡವ್ವ ಕಾಯ್ತಾನೇ ಹೋಗ್ಬಿಡ್ತಾಳೆ."

ಟೈರು ಕೆಟ್ಟದ್ದು, ಅಂಗಡಿಯವನು ಮೋಸ ಮಾಡಿದ, ರಸ್ತೆ ಸರಿಯಿಲ್ಲ ಎಂಬ ಮಾತುಗಳೆಲ್ಲ ಸಪರ್‌ಬೆಕ್‌ನ ನಾಲಿಗೆಯ ತುದಿಗೆ ಬಂದವು. ಯಾವುದನ್ನು ಹೇಳಿದರೂ ಅತ್ತೆಗೆ ಮನೆಗೆ ಮರಳಲು ಒಂದು ನೆಪ ಸಿಕ್ಕಂತೆಯೇ ಎಂಬುದು ಅವನಿಗೆ ಹೊಳೆಯಿತು. ಬಾಗಿಲು ತೆಗೆದು ತಲೆಯ ಟೋಪಿ ಕೈಗೆ ತೆಗೆದುಕೊಂಡ.

"ಶಕುನದ್ದೇನೂ ಇಲ್ಲ ಅತ್ತೆ. ಟೈರಿನ ತಪ್ಪೂ ಅಲ್ಲ. ನಾನು ಅಳತೆ ತಪ್ಪಿದೆ."

ಬಾತ್ಮಾ ಅವನನ್ನು ಬಹಳ ಹೊತ್ತು ನೋಡಿದಳು. ಅಳಿಯನಾಗಿ ಬಂದ ಮೇಲೆ ಈ ಮನುಷ್ಯನ ಬಾಯಿಂದ ಇಂಥ ಮಾತು ಅವಳು ಕೇಳಿದ್ದೇ ಇಲ್ಲ. ಬಹುಶಃ ತನ್ನ ಬಾಯಿಂದಲೂ ಕೇಳಿರಲಿಲ್ಲ. ಮೊದಲು ಒಂದು ಕಾಲು ಹೊರಗಿಟ್ಟಳು, ಆಮೇಲೆ ಇನ್ನೊಂದು.

"ಇಳಿಜಾರು ತಾನೆ. ತಿರುವಲ್ಲೆಲ್ಲ ನಡೀತೀನಿ. ನೀನು ಮೆಲ್ಲಗೆ ಹಿಂದೆ ಬಾ" ಎಂದಳು.

ಹಾಗೆ ಅವರು ದೊಲೋನ್ ಘಟ್ಟ ಇಳಿದರು. ತಿರುವು ಬಂದಾಗ ತಾಯಿ ಮಗಳು ಕೈ ಹಿಡಿದು ನಡೆಯುವುದು, ನೇರ ರಸ್ತೆಯಲ್ಲಿ ಕಾರು ಹತ್ತುವುದು. ಎದುರು ಬಂದ ಲಾರಿಯವರು, ಮುದುಕಿಯ ಹಿಂದೆ ಆಮೆಯಂತೆ ತೆವಳುವ ಖಾಲಿ ಕಾರನ್ನು ಕತ್ತು ತಿರುಗಿಸಿ ನೋಡಿದರು. ಸಪರ್‌ಬೆಕ್ ಯಾರ ಕಣ್ಣಿಗೂ ಕಣ್ಣು ಕೊಡಲಿಲ್ಲ. ನಡೆಯುತ್ತ ನಡೆಯುತ್ತ ಬಾತ್ಮಾಳ ಕೆನ್ನೆ ಕೆಂಪೇರಿತು. ಚಿಕ್ಕಂದಿನಲ್ಲಿ ಅಕ್ಕ ತನ್ನನ್ನು ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸಿದ್ದನ್ನು ಅವಳು ಮಗಳಿಗೆ ಹೇಳುತ್ತಿದ್ದುದು ಕಾರಿನ ಕಿಟಕಿಯಿಂದ ತುಂಡು ತುಂಡಾಗಿ ಕೇಳುತ್ತಿತ್ತು.

ಕೊಚ್ಕೋರಿನಲ್ಲಿ ಸೈರಕನಳ ಮನೆಯ ಓಣಿ ಪೂರ್ತಿ ಗುಂಡಿ ಬಿದ್ದಿತ್ತು. ಅಲ್ಲಿ ಕಾರಿನಲ್ಲಿ ಕೂರುವ ಮಾತೇ ಇರಲಿಲ್ಲ. ಬಾತ್ಮಾ ತಲೆವಸ್ತ್ರ ಸರಿಪಡಿಸಿಕೊಂಡು, ಮಗಳ ತೋಳು ಹಿಡಿದು ಓಣಿಯುದ್ದಕ್ಕೂ ನಡೆದಳು. ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ದಿಂಬಿಗೊರಗಿದ್ದ ಸೈರಕನ್ ದೂರದಿಂದಲೇ ಅವಳನ್ನೂ ಹಿಂದೆ ತೆವಳುತ್ತಿದ್ದ ಖಾಲಿ ಕಾರನ್ನೂ ಕಂಡಳು. ಇವರು ಒಳಗೆ ಬರುವಷ್ಟರಲ್ಲಿ, ಏಳಬಾರದೆಂದು ವೈದ್ಯರು ಹೇಳಿದ್ದವಳು ಎದ್ದು ಕೂತಿದ್ದಳು.

"ನನ್ನ ನೋಡಕ್ಕೆ ನಡ್ಕೊಂಡು ಬಂದ್ಯೇನೇ, ಪುಟ್ಟಿ?" ಎಂದಳು.

"ಘಟ್ಟದಿಂದ್ಲೂ ನಡ್ಕೊಂಡೇ ಬಂದೆ ಅಕ್ಕ" ಎಂದಳು ಬಾತ್ಮಾ. ಅಷ್ಟೇ. ಇಬ್ಬರೂ ತಬ್ಬಿಕೊಂಡು ಅತ್ತರು. ಕುಲೈಮ್ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಮೂಟೆ ಹೊತ್ತು ಬಾಗಿಲಲ್ಲಿ ನಿಂತಿದ್ದ ಸಪರ್‌ಬೆಕ್ ಅದನ್ನು ಇಳಿಸುವುದನ್ನೇ ಮರೆತ.

ಚಹಾ ಬಂದ ಮೇಲೆ, ನಡೆದದ್ದನ್ನೆಲ್ಲ ತಾನೇ ಹೇಳಿಬಿಡೋಣ ಎಂದು ಅವನು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಸೈರಕನಳ ಕಣ್ಣು ಅವನ ಮೇಲೆ ಬಿತ್ತು.

"ಅಲ್ಲಪ್ಪ, ಇಷ್ಟು ವಯಸ್ಸಾದೋಳನ್ನ ಬೆಟ್ಟದ ಮೇಲಿಂದ ನಡೆಸ್ಕೊಂಡು, ಹಿಂದೆ ಖಾಲಿ ಕಾರು ಓಡಿಸ್ಕೊಂಡು ಬಂದ್ಯಲ್ಲ, ನಿಂಗೆ ಮನಸ್ಸಾದ್ರೂ ಹ್ಯಾಗೆ ಬಂತು?"

ಅವನು ಅತ್ತೆಯ ಕಡೆ ನೋಡಿದ. ಬಾತ್ಮಾ ಅಕ್ಕನ ಕೈಯನ್ನು ತನ್ನ ಕೈಯಲ್ಲಿ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

"ಹೋಗ್ಲಿ ಬಿಡಕ್ಕ," ಎಂದಳು. "ಹೊಸ ಟೈರು ಹಾಕ್ಸಿದಾನೆ. ನಾನು ಕೂತ್ರೆ ಸವೆದುಹೋಗುತ್ತೆ ಅಂತ ಭಯ ಪಾಪ."