ಕೊಟ್ರಬಸಪ್ಪನ ಜೋಡಿಗಾಲಿ ವಿಜಯ

ಟೋಲ್‌ಗೇಟುಗಳೇ ಕೋಟೆಬಾಗಿಲುಗಳಾಗಿ ನಿಂತು, ದೇಶದ ಸರಕೆಲ್ಲ ರಬ್ಬರಿನ ಚಕ್ರಗಳ ಮೇಲೆ ಉರುಳತೊಡಗಿದ ಈ ಕಲಿಯುಗದಲ್ಲಿ, ದಾವಣಗೆರೆಯೆಂಬ ಧೂಳಿಧೂಸರಿತ ಪಟ್ಟಣದ ಮಂಡಕ್ಕಿಭಟ್ಟಿಗಳ ಕೇರಿಯಲ್ಲಿ, ಪಿಕಪ್‌ವಾಹನೈಕವೀರನೂ ಕರ್ಕಶಹಾರ್ನ್‌ನಾದಭೀಷಣನೂ ಆದ ಕೊಟ್ರಬಸಪ್ಪನೆಂಬ ರಥಿಕನಿದ್ದನು. ಎಲೈ ವಾಗ್ದೇವಿಯೇ, ವೀಣೆಯನ್ನು ಅರೆಗಳಿಗೆ ಬದಿಗಿಟ್ಟು, ಸೆರಗಿಗೆ ಗ್ರೀಸು ತಾಗದಂತೆ ಎಚ್ಚರವಹಿಸಿ, ನನ್ನ ನಾಲಿಗೆಯ ಮೇಲೆ ಬಂದು ಕೂರು. ಆ ಮಹಾನುಭಾವನು ತನ್ನ ನಾಲ್ಕು ಗಾಲಿಯ ಗಾಡಿಗೆ ಹಿಂದೆ ಜೋಡಿ ಗಾಲಿ ಹಾಕಿಸಿ, ಅದನ್ನು ಷಟ್ಚಕ್ರರಥವಾಗಿಸಿದ ಕಥೆಯನ್ನು ನಾನೀಗ ಹೇಳಬೇಕಾಗಿದೆ.

ಈ ವೀರನು ಹೊರುತ್ತಿದ್ದ ಸರಕಾದರೂ ಯಾವುದು? ಮಂಡಕ್ಕಿ. ನೋಡಲು ಪರ್ವತ, ತೂಗಿದರೆ ಉಸಿರು. ಚೀಲಗಳನ್ನು ಮಾಳಿಗೆಯೆತ್ತರ ಒಟ್ಟಿಕೊಂಡು ಹೆದ್ದಾರಿಗಿಳಿದರೆ ಅಡ್ಡಗಾಳಿಗೆ ಗಾಡಿ ಕುಡಿದವನ ಹಾಗೆ ತೂರಾಡುತ್ತಿತ್ತು. ಅದನ್ನು ಅವನು ಸಹಿಸಿಕೊಂಡಿದ್ದನು. ಸಹಿಸಲಾಗದ್ದು ಬೇರೆಯೇ ಇತ್ತು. ಅವನ ಮಾವ ಚನ್ನವೀರಪ್ಪನವರದು ಹರಿಹರದ ಕಡೆಯ ಹಳ್ಳಿಯಲ್ಲಿ ಭತ್ತದ ಗದ್ದೆ. ಕೊಯ್ಲಾದ ಭತ್ತವನ್ನು ಮಿಲ್ಲಿಗೆ ಸಾಗಿಸುವ ಗೌರವವು ಹೆಂಡತಿಯ ತಮ್ಮ ಮರುಳಸಿದ್ಧನ ಟ್ರ್ಯಾಕ್ಟರಿಗೇ ಮೀಸಲು. ಮದುವೆಯಾಗಿ ಇಷ್ಟು ವರ್ಷವಾದರೂ ಅಳಿಯನ ಗಾಡಿಯನ್ನು ಆ ಮನೆಯವರು ಒಂದೇ ಒಂದು ಕೆಲಸಕ್ಕೆ ಕರೆದಿರಲಿಲ್ಲ. ಇದು ಅವನಿಗೆ ನಿಜವಾಗಿಯೂ ನೋಯುತ್ತಿತ್ತು.

ಹೀಗಿರಲಾಗಿ, ಮಾವನ ಮನೆಯ ಯುಗಾದಿಯ ಪಂಕ್ತಿಯಲ್ಲಿ ಹೋಳಿಗೆಗೆ ತುಪ್ಪ ಬೀಳುತ್ತಿದ್ದ ಹೊತ್ತಿಗೆ, ಮರುಳಸಿದ್ಧನು ಬಾಯಿ ಬಿಟ್ಟನು.

“ಭಾವಾರ ಗಾಡಿಗೆ ಭತ್ತ ಹೇರಿದ್ರೆ ಹಿಂದಿನ ಗಾಲಿ ಕುಂತೇ ಬಿಡ್ತಾವು. ಅದು ಮಂಡಕ್ಕಿಗಷ್ಟೇ ಸೈ ಬಿಡ್ರಿ.”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮಾವನವರೂ ನಕ್ಕರು. ಕೊಟ್ರಬಸಪ್ಪನು ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಹಾಕಿ ತಲೆಯೆತ್ತಿದನು.

“ಕೇಳಪ ಮರುಳಸಿದ್ಧ. ಗಾಡಿಗೆ ಹಿಂದೆ ಜೋಡಿ ಗಾಲಿ ಹಾಕಿಸ್ತೀನಿ. ಈ ಸಲದ ಭತ್ತ ನನ್ನ ಗಾಡ್ಯಾಗೇ ಮಿಲ್ಲಿಗೆ ಹೋಕ್ಕತಿ.”

ಇದನ್ನೇ ವೀರವಾಣಿಗೆ ಏರಿಸಿದರೆ ಹೀಗಾದೀತು: “ಎಲವೋ ಶ್ಯಾಲಕಾಧಮನೇ, ಟ್ರ್ಯಾಕ್ಟರಮದಾಂಧನೇ, ಮಾವನ ಧಾನ್ಯರಾಶಿಯು ನನ್ನ ಚಕ್ರಚತುಷ್ಟಯದ ಮೇಲೆ ಮೆರೆಯುವ ಆ ದಿನ, ನಿನ್ನ ಟ್ರೇಲರು ಬರಿಗೊಡದಂತೆ ಗಡಗಡಿಸುತ್ತ ಹಿಂದೆ ಬರಲಿ.” ಆದರೆ ವೀರಪತ್ನಿಯಾದ ಹಾಲಮ್ಮನು ಯಾವ ವಾಣಿಗೂ ಸೊಪ್ಪು ಹಾಕುವವಳಲ್ಲ.

“ಉಣ್ಣಾಕೆ ಕುಂತು ಎಂಥಾ ಮಾತ್ರೀ. ಹೋಳಿಗಿ ಆರಾಕತ್ತಾವು, ತಿನ್ರಿ” ಎಂದಳು.

ಮರುದಿನವೇ ದಾದಾಪೀರ್ ಮೇಸ್ತ್ರಿಯ ಗ್ಯಾರೇಜೆಂಬ ರಣಾಂಗಣದಲ್ಲಿ ಜಾಕಿ ಏರಿತು. ಪಕ್ಕಕ್ಕೊಂದು ಗಾಲಿ ಅಂಟಿಸಿದರೆ ಮುಗಿಯಿತೆಂದು ತಿಳಿದಿದ್ದ ವೀರನಿಗೆ ಮೇಸ್ತ್ರಿಯು ಯುದ್ಧನೀತಿಯನ್ನು ತಿಳಿಹೇಳಿದನು.

“ಗಾಲಿ ಸೇರಿಸಿದ್ರೆ ಆಗಲ್ಲ ಅಣ್ಣಾ. ಆಕ್ಸಲ್ಲು, ಕಮಾನು ಪಟ್ಟಿ, ಎಲ್ಲಾ ದೊಡ್ಡದು ಬೇಕಾಕ್ಕತಿ. ಇನ್ನೊಂದ್ ಸಲ ಯೋಚನೆ ಮಾಡ್ರಿ.”

“ಯೋಚನೆ ಯುಗಾದಿ ದಿನಾನೇ ಮುಗೀತು ಮೇಸ್ತ್ರಿ. ಬಿಚ್ರಿ.”

ಗುಜರಿಯಂಗಡಿಯಿಂದ, ವೀರಸ್ವರ್ಗವನ್ನೈದಿದ್ದ ಮಿನಿ ಲಾರಿಯೊಂದರ ಆಕ್ಸಲ್ಲು ಮೆರವಣಿಗೆಯಲ್ಲಿ ಬಂದಿತು. ಹಳೆಯ ಗಾಲಿಗಳು ಕಳಚಿಬಿದ್ದವು. ಒಂದು ನಟ್ಟು ಮಾತ್ರ, ತುಕ್ಕುಕವಚಧಾರಿ, ಷಟ್ಕೋಣಶಿರಸ್ಕ, ಯಾರ ಪಾನಾಕ್ಕೂ ಬಗ್ಗದೆ ನಿಂತಿತು. ಸೀಮೆಎಣ್ಣೆ ಹೊಯ್ದರು, ಸುತ್ತಿಗೆಯಿಂದ ಬಡಿದರು, ಬೆಂಕಿ ತೋರಿದರು. ಕಡೆಗೆ ಕೊಟ್ರಬಸಪ್ಪನೇ ಪಂಚೆ ಎತ್ತಿಕಟ್ಟಿ, ಪಾನಾದ ಬಾಲಕ್ಕೆ ಉದ್ದನೆಯ ಪೈಪು ತೊಡಿಸಿ, ಅದರ ತುದಿಗೆ ತನ್ನ ಸಮಸ್ತ ದೇಹಭಾರವನ್ನೂ ಜೋತುಬಿಟ್ಟನು. ನಟ್ಟು ಕಿರ್ರೆಂದು ಸಡಿಲಿತು. ವೀರನು ಸುಟ್ಟೆಣ್ಣೆಯ ತಟ್ಟೆಯೊಳಗೆ ಅಂಗಾತ ಬಿದ್ದನು. ದೇವತೆಗಳು ಹೂಮಳೆ ಸುರಿಸುವ ಜಾಗದಲ್ಲಿ ಮೇಸ್ತ್ರಿಯು ಒಂದು ಹಳೇ ಬನಿಯನ್ನು ಎಸೆದು, ಒರೆಸಿಕೊಳ್ಳಲು ಹೇಳಿದನು.

ಅಂತೂ ಹಿಂದೆ ಈ ಬದಿಗೆ ಎರಡು, ಆ ಬದಿಗೆ ಎರಡು, ಕೊಬ್ಬಿದ ಕರಿಯ ಗಾಲಿಗಳು ಕೂತವು. ಕೊಯ್ಲಿನ ದಿನ ಷಟ್ಚಕ್ರರಥವು ಮಾವನ ಕಣಕ್ಕೆ ಬಂದು ನಿಂತಾಗ ಹಮಾಲರು ಬೀಡಿ ಆರಿಸಿ ಎದ್ದರು. ಮಾವನವರು ಗಾಲಿಯನ್ನು ಒಮ್ಮೆ ಮುಟ್ಟಿ ನೋಡಿ, “ಭಾರ ತಡೀತೈತಿ ಬಿಡ್ರಿ” ಎಂದರು. ಮರುಳಸಿದ್ಧನು ತನ್ನ ಟ್ರ್ಯಾಕ್ಟರನ್ನು ಬೇವಿನ ಮರದ ಕೆಳಗೆ ಸರಿಸಿಕೊಂಡನು. ಕೊಟ್ರಬಸಪ್ಪನ ಎದೆ ಅಂಗಿಯ ಗುಂಡಿಗಳನ್ನು ಪರೀಕ್ಷಿಸಿತು.

ಹೇರುವುದಕ್ಕೆ ಮೊದಲು ಪೂಜೆ ಆಗಬೇಕಷ್ಟೆ. ಕುಂಕುಮ ಬಿತ್ತು, ಕಾಯಿ ಒಡೆಯಿತು. ಗಾಲಿಗಳ ಮುಂದೆ ನಿಂಬೆಹಣ್ಣು ಇಡಲು ಹೋದ ಅತ್ತೆಯವರು ಹಿಂದಿನ ಗಾಲಿಗಳ ಬಳಿ ತಡೆದು ನಿಂತರು.

“ಇಲ್ಲಿ ಒಂದು ಇಡ್ಲಾ, ಎರಡು ಇಡ್ಲಾ?”

ಶಾಸ್ತ್ರಗಳು ಈ ವಿಷಯದಲ್ಲಿ ಮೌನವಾಗಿವೆ. ಆದುದರಿಂದ ರಥಿಕನೇ ತೀರ್ಪಿತ್ತನು.

“ಗಂಡ ಹೆಂಡ್ತಿ ಜೋಡೀಲಿ ಕುಂತ್ರೆ ಎಲಿ ಅಡಿಕಿ ಎರಡು ಸಲ ಕೊಡ್ತಾರೇನ್ರಿ ಅತ್ತೆ? ಜೋಡಿಗೆ ಒಂದು. ಇಬ್ರಿಗೂ ಸೇರಂಗೆ ನಟ್ಟನಡುವೆ ಇಡ್ರಿ.”

ನ್ಯಾಯವಾದ ಮಾತೆಂದು ಎಲ್ಲರೂ ತಲೆದೂಗಿದರು. ಗಾಡಿ ಗುಡುಗಿತು. ಮುಂದಿನ ಎರಡು ಹಣ್ಣುಗಳು ಫಟ್ ಫಟ್ಟೆಂದು ಒಡೆದು ರಸ ಕಾರಿದವು. ಹಿಂದಿನ ಮಹಾಚಕ್ರಗಳು ನೆಲ ಅದುರಿಸುತ್ತ ಉರುಳಿ ಮುಂದೆ ಸಾಗಿದವು. ಅವುಗಳ ಹಿಂದೆ ಎರಡು ನಿಂಬೆಹಣ್ಣುಗಳು, ಹಚ್ಚಿದ ಕುಂಕುಮವೂ ಅಳಿಸದಂತೆ, ಇಟ್ಟ ಜಾಗದಲ್ಲೇ ದುಂಡಗೆ ಕೂತಿದ್ದವು.

ವೀರನು ಹಿಂದಕ್ಕೆ ಹೊಡೆದನು. ಮತ್ತೆ ಮುಂದಕ್ಕೆ ಹೊಡೆದನು. ಜೋಡಿ ಗಾಲಿಗಳ ನಡುವಿನ ಸಂದಿಯಲ್ಲಿ ನಿಂಬೆಹಣ್ಣುಗಳು ಕೂದಲೂ ಕೊಂಕದೆ ಉಳಿದವು. ಕಣದಲ್ಲಿ ಯಾರೂ ನಗಲಿಲ್ಲ. ಮರುಳಸಿದ್ಧನೂ ನಗಲಿಲ್ಲ. ಕೊಟ್ರಬಸಪ್ಪನಿಗೆ ಅದೇ ಹೆಚ್ಚು ಸಂಕಟವಾಯಿತು.

“ಸಂದಿನಾಗ ಹೋತ್ರಿ ಮಾವಾರೇ. ಒಂದೊಂದು ಗಾಲಿಗೆ ಒಂದೊಂದು ಇಟ್ಟು ನೋಡಾಣ.”

“ಒಂದು ಸಲ ಇಟ್ಟಿದ್ದು ಇಟ್ಟಂಗೆ ಅಳಿಯಂದ್ರೇ. ನಿಂಬಿಹಣ್ಣು ಒಡೀಲಿಲ್ಲ ಅಂದ್ಮ್ಯಾಲೆ ವರ್ಷದ ಭತ್ತ ಹೆಂಗ್ ಹೇರ್ಲಿ? ತಪ್ಪು ತಿಳೀಬ್ಯಾಡ್ರಿ.”

ಬೇವಿನ ಮರದ ಕೆಳಗಿಂದ ಟ್ರ್ಯಾಕ್ಟರು ಹೊರಬಂತು. ಚೀಲಗಳು ಒಂದೊಂದಾಗಿ ಅದನ್ನೇರಿದವು. ಕೊಟ್ರಬಸಪ್ಪನು ಗಾಡಿಯ ನೆರಳಲ್ಲಿ ಕೂತು ನೆಲವನ್ನು ನೋಡುತ್ತಿದ್ದನು. ಅವನ ಮುಖ ಕಂಡು ಮಾವನವರಿಗೆ ತಡೆಯಲಾಗಲಿಲ್ಲ. ಬಳಿಗೆ ಬಂದು ಕೆಮ್ಮಿದರು.

“ಹಮಾಲ್ರಿಗೆ ಸಂಜಿಗೆ ತಿನ್ನಾಕೆ ಏನೂ ಇಲ್ಲ. ನಿಮ್ಮ ಭಟ್ಟಿ ಕಡೆಯಿಂದ ಒಂದು ಚೀಲ ಮಂಡಕ್ಕಿ ತರ್ತೀರೇನು? ಗಾಡಿ ಹೆಂಗೂ ಐತಲ್ಲ.”

ಹೀಗೆ ಆ ಷಟ್ಚಕ್ರರಥವು ತನ್ನ ಪ್ರಥಮ ದಂಡಯಾತ್ರೆಗೆ ಹೊರಟು, ದಾವಣಗೆರೆಯನ್ನು ಮುಟ್ಟಿ, ಒಂದು ಚೀಲ ಮಂಡಕ್ಕಿಯನ್ನು ಹೊತ್ತು ತಿರುಗಿ ಬಂದಿತು. ಪಕ್ಕದಲ್ಲಿ ಕೂತಿದ್ದ ಹಾಲಮ್ಮ, ಹಳ್ಳಿ ಹತ್ತಿರವಾದಾಗ ಕೇಳಿದಳು.

“ಸಿಟ್ಟಾಗೀರೇನು?”

“ಇಲ್ಲ” ಎಂದನು ಕೊಟ್ರಬಸಪ್ಪ. “ಮಾವಾರು ಬಾಯಿಬಿಟ್ಟು ಗಾಡಿ ಕೇಳಿದ್ದು ಇದೇ ಮೊದಲು ಅಲ್ಲೇನು?”

ಹೌದೆಂದು ಹಾಲಮ್ಮ ಒಪ್ಪಿಕೊಂಡಳು. ಅವನು ಕಣದ ಬಳಿ ಗಾಡಿ ನಿಲ್ಲಿಸಿ, ಯಾರ ಕೈಗೂ ಕೊಡದೆ, ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ಒಳಗೆ ಹೋದನು.