ಎಲೆಯ ಮೇಲಿನ ಕಡುಬನ್ನು ಆಕಾಶದಿಂದ ಮರೆಮಾಚುವ ಕುರಿತು

ನೆಲ-ಆಕಾಶ ಸಮನ್ವಯ ಕೋಶ, ಶಿವಮೊಗ್ಗ
(ಆರೋಗ್ಯ, ರಕ್ಷಣಾ ತಂತ್ರಜ್ಞಾನ ಹಾಗೂ ಶಿಕ್ಷಣ, ಈ ಮೂರರಲ್ಲಿ ಯಾವುದಕ್ಕೂ ಸೇರದೆ ಮೂರಕ್ಕೂ ಉತ್ತರಿಸುವ ಕಚೇರಿ)

ಸಂಖ್ಯೆ: ನೆಆಸ/ಕಡುಬು/ಅತಿ ತುರ್ತು/ಭದ್ರಾವತಿ
ದಿನಾಂಕ: ಮಹಾಲಯ ಅಮಾವಾಸ್ಯೆಯ ನಂತರ ಬಂದ ಮೊದಲ ಕೆಲಸದ ದಿನ

ಸುತ್ತೋಲೆ

ವಿಷಯ: ಹಸಿರು ವಸ್ತುವಿನ ನಡುವೆ ಬಿಳಿ ವಸ್ತುವನ್ನು ಇಡುವುದರಿಂದ ಉಂಟಾಗುವ ವೈಮಾನಿಕ ಗೊಂದಲವನ್ನು ನಿವಾರಿಸುವ ಬಗ್ಗೆ.

ಉಲ್ಲೇಖ:
೧. ಕಾಗದನಗರದ ಶಾಲೆಯ ಮುಖ್ಯ ಶಿಕ್ಷಕಿ ಶ್ರೀಮತಿ ವೀಣಾ ಅವರ ಸಮಜಾಯಿಷಿ.
೨. ಮಾಚೇನಹಳ್ಳಿಯ ವರ್ಕ್‌ಶಾಪ್ ಮಾಲೀಕ ಶ್ರೀ ದೇವರಾಜ್ ಅವರ ಹೇಳಿಕೆ.
೩. ಶ್ರೀಮತಿ ದುರ್ಗಮ್ಮ ಅವರ ಹೇಳಿಕೆ ಮತ್ತು ತದನಂತರದ ಮೌಖಿಕ ಮನವಿ.

ಪೀಠಿಕೆ:

ಹಿಮಪರ್ವತದ ಠಾಣೆಗಳಲ್ಲಿ ಕಾವಲಿರುವ ಸೈನಿಕರಿಗೆ ಔಷಧ ಮುಟ್ಟಿಸುವ ಸಲುವಾಗಿ ಮಾಚೇನಹಳ್ಳಿಯ ಸಣ್ಣ ವರ್ಕ್‌ಶಾಪೊಂದರಲ್ಲಿ ಡ್ರೋನನ್ನು ತಯಾರಿಸಲಾಗಿರುತ್ತದೆ. ಹಿಮದಲ್ಲಿ ಇಳಿಯಲು ಹಾಸಿದ ಚಾಪೆಯ ಹೊರತು ಹಸಿರೆಂಬುದು ಇರುವುದಿಲ್ಲವಾದ ಕಾರಣ, ಹಸಿರಿನ ನಡುವೆ ಬಿಳಿಯ ವೃತ್ತ ಕಂಡಲ್ಲಿ ಸೈರನ್ ಊದಿ ಇಳಿಯತಕ್ಕದ್ದು, ಹೊತ್ತು ತಂದ ಡಬ್ಬಿಯನ್ನು ಅಲ್ಲಿಡತಕ್ಕದ್ದು, ಪಕ್ಕದಲ್ಲಿ ಹಿಡಿಯುಳ್ಳ ಪಾತ್ರೆ ಇದ್ದಲ್ಲಿ ಅದನ್ನು ಖಾಲಿ ಡಬ್ಬಿಯೆಂದು ತಿಳಿದು ಕೊಕ್ಕೆಯಿಂದ ಎತ್ತಿಕೊಂಡು ಮರಳತಕ್ಕದ್ದು ಎಂದು ಸದರಿ ಡ್ರೋನಿಗೆ ಕಲಿಸಲಾಗಿತ್ತು. ಪರ್ವತಕ್ಕೆ ಕಳುಹಿಸುವ ಮುನ್ನ ಅದನ್ನು ಪರೀಕ್ಷಾರ್ಥ ಭದ್ರಾವತಿಯಲ್ಲಿ ಹಾರಿಸಲು ಸಭೆಯಲ್ಲಿ ತೀರ್ಮಾನಿಸಲಾಯಿತು. ಭದ್ರಾವತಿಯಲ್ಲಿ ಹಸಿರು ಇದೆ ಎಂಬ ಅಂಶವನ್ನು ಯಾರೂ ಸಭೆಯ ಗಮನಕ್ಕೆ ತಂದಿರುವುದಿಲ್ಲ.

ಪಿತೃಪಕ್ಷದ ಒಂದು ಬುಧವಾರ ಸದರಿ ಡ್ರೋನು ಭದ್ರಾವತಿಯ ಕಾಗದನಗರದ ಶಾಲೆಯ ಮಕ್ಕಳಿಗಾಗಿ ಜಂತುಹುಳು ನಿವಾರಣಾ ಮಾತ್ರೆಗಳ ಡಬ್ಬಿಯನ್ನು ಹೊತ್ತು ಹೊರಟಿತು. ಶಾಲೆಯ ಅಂಗಳದಲ್ಲಿ ಹಾಸಲೆಂದು ನಡುವೆ ಬಿಳಿ ವೃತ್ತವಿದ್ದ ಹಸಿರು ಚಾಪೆಯನ್ನು ಮುಂಚಿತವಾಗಿಯೇ ಒದಗಿಸಲಾಗಿತ್ತು. ಆದರೆ ಅದೇ ವಾರ, ಒಂದನೇ ತರಗತಿಗೆ ‘ಆಡುತ್ತಾ ಕಲಿಯುವ ಮೂಲೆ’ಯನ್ನು ರಚಿಸಿ ಫೋಟೊ ಕಳುಹಿಸತಕ್ಕದ್ದೆಂಬ ಶಿಕ್ಷಣ ನೀತಿಯ ಆದೇಶವೂ ಶಾಲೆಯನ್ನು ತಲುಪಿತ್ತು. ಮೂಲೆಗೆ ಬೇಕಾದ ಚಾಪೆ ತಲುಪಿರಲಿಲ್ಲ. ಡ್ರೋನು ಬಂದ ಸಮಯದಲ್ಲಿ ಹಸಿರು ಚಾಪೆಯು ಒಂದನೇ ತರಗತಿಯ ಮೂಲೆಯಲ್ಲಿದ್ದು, ಅದರ ಬಿಳಿ ವೃತ್ತದ ಮೇಲೆ ಮಕ್ಕಳು ಕುಳಿತಿದ್ದುದು ದೃಢಪಟ್ಟಿರುತ್ತದೆ. ಕಾರಣ ಕೇಳಿ ನೀಡಿದ ನೋಟಿಸಿಗೆ ಮುಖ್ಯ ಶಿಕ್ಷಕಿಯವರು, “ಆಕಾಶದಿಂದ ಇಳಿಯೋದಕ್ಕೆ ಚಾಪೆ ಕೊಟ್ರಿ, ನೆಲದ ಮೇಲೆ ಕೂರೋ ಮಕ್ಕಳಿಗೆ ಕೊಡ್ಲಿಲ್ಲ. ನನ್ನ ಕಣ್ಣಿಗೆ ಮೊದಲು ನೆಲ ಕಾಣ್ತು ಸಾರ್” ಎಂದು ಉತ್ತರಿಸಿರುತ್ತಾರೆ. ಸದರಿ ಉತ್ತರದಲ್ಲಿ ಯಾವುದೇ ತಪ್ಪು ಕಂಡುಬಾರದ ಕಾರಣ ಅದನ್ನು ಅತೃಪ್ತಿಕರವೆಂದು ಪರಿಗಣಿಸಲಾಗಿದೆ.

ಶಾಲೆಯ ಹಿಂದೆ, ಈಗ ಮುಚ್ಚಿರುವ ಕಾಗದದ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ವಾಸವಿರುವ ಶ್ರೀಮತಿ ದುರ್ಗಮ್ಮ ಅವರು ಅಂದು ತಮ್ಮ ದಿವಂಗತ ಪತಿ ಮೂರ್ತಪ್ಪನವರಿಗೆ ತಾರಸಿಯ ಮೇಲೆ ಎಡೆ ಇಟ್ಟಿದ್ದರು. ತೊಳೆದ ಬಾಳೆ ಎಲೆ. ಎಲೆಯ ನಡುವೆ ಒಂದೇ ಒಂದು ಬಿಳಿ ಉಂಡೆ ಕಡುಬು. ಪಕ್ಕದಲ್ಲಿ, ಮೂರ್ತಪ್ಪನವರು ಮಿಲ್ಲಿಗೆ ಒಯ್ಯುತ್ತಿದ್ದ ಹಳೆಯ ಊಟದ ಕ್ಯಾರಿಯರಿನಲ್ಲಿ ಕೋಳಿ ಸಾರು. ಆಕಾಶವು ತೊಳೆದು ಒರಗಿಸಿಟ್ಟ ಸ್ಲೇಟಿನಂತೆ ಬರಿದಾಗಿತ್ತು (ಹವಾಮಾನ ವರದಿಯನ್ನು ಲಗತ್ತಿಸಿದೆ).

ಈ ಹಂತದಲ್ಲಿ ಒಂದು ಅಂಶವನ್ನು ದಾಖಲಿಸುವುದು ಅಗತ್ಯವಾಗಿದೆ. ಮೂರ್ತಪ್ಪನವರು ತೀರಿಕೊಂಡಂದಿನಿಂದ ಅವರ ಎಡೆಯನ್ನು ಕಾಗೆ ಮುಟ್ಟಿರುವುದಿಲ್ಲ. ಪಕ್ಕದ ಮನೆಯ ಎಡೆಗಳಿಗೆ ಕಿತ್ತಾಡುವ ಕಾಗೆಗಳೇ ಈ ತಾರಸಿಯ ಕಟ್ಟೆಯ ಮೇಲೆ ಕುಳಿತು, ನೋಡಿ, ಹಾರಿಹೋಗುತ್ತಿದ್ದವು. ಅವರಿಗೆ ಏನು ಕಡಿಮೆಯಾಯಿತೆಂದು ದುರ್ಗಮ್ಮನವರು ವರ್ಷವರ್ಷವೂ ಯೋಚಿಸುತ್ತ ಉಪ್ಪು ಬದಲಿಸಿದ್ದರು, ಎಲೆಯ ದಿಕ್ಕು ಬದಲಿಸಿದ್ದರು, ಕಡೆಗೆ ಕೋಳಿಯನ್ನು ಕೊಳ್ಳುವ ಅಂಗಡಿಯನ್ನೂ ಬದಲಿಸಿದ್ದರು. ಅವರ ಹೇಳಿಕೆಯ ಒಂದು ಭಾಗವನ್ನು ತಿದ್ದದೆ ಇಲ್ಲಿ ಕೊಡಲಾಗಿದೆ: “ಬದ್ಕಿದ್ದಾಗ ಮಿಲ್ಲಿನ ಸೈರನ್ ಆದ್ರೇನೇ ಊಟಕ್ಕೆ ಕೂರೋರು. ರಜಾ ದಿನಾನೂ ಅಷ್ಟೇ. ನಾನು ಕರೆದ್ರೆ, ಇರು, ಇನ್ನೂ ಸೈರನ್ ಆಗ್ಲಿಲ್ಲ ಅನ್ನೋರು. ಮಿಲ್ಲಿನ ಸೈರನ್ ನಿಂತ್ಮೇಲೆ ಅವ್ರಿಗೆ ಹಸಿವಾಗೋದೇ ನಿಂತೋಯ್ತು.”

ಅಂದು ಮಧ್ಯಾಹ್ನ ದುರ್ಗಮ್ಮನವರು ಕೈಮುಗಿದು ನಿಂತಿರುವಾಗ ಸೈರನ್ ಕೇಳಿಸಿತು. ಮೇಲಿನಿಂದ ಯಾರೋ ಇಳಿದರು. ಎಲೆ ಎದ್ದು ಕುಣಿಯಿತು, ಕಡುಬು ಉರುಳಿತು. ಬಂದವರು ಒಂದು ಡಬ್ಬಿಯನ್ನು ಇಟ್ಟು, ಕ್ಯಾರಿಯರನ್ನು ಹಿಡಿಯಿಂದಲೇ ಎತ್ತಿಕೊಂಡು, ಮಿಲ್ಲಿಗೆ ಹೊರಡುವವರಂತೆ ತಡಮಾಡದೆ ಹೊರಟುಹೋದರು.

ನೆರೆಮನೆಯ ಶ್ರೀಮತಿ ಸಾವಿತ್ರಮ್ಮ ಅವರು ಇದನ್ನು ತಮ್ಮ ತಾರಸಿಯಿಂದ ವೀಕ್ಷಿಸಿದ್ದು, “ಅಲ್ವೇ ಮಾರಾಯ್ತಿ, ಸೈಕಲ್ಲಲ್ಲಿ ಓಡಾಡ್ತಿದ್ದೋರು ಈಗ ಹೆಲಿಕಾಪ್ಟರ್ ತಗೊಂಡ್ರಾ?” ಎಂದು ವಿಚಾರಿಸಿರುತ್ತಾರೆ. ಅದಕ್ಕೆ ದುರ್ಗಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಂಡು, “ಜೀವಮಾನಪೂರ್ತಿ ಮಿಷನ್ ಜೊತೆ ಇದ್ದೋರು ಕಣೇ. ಕಾಗೆ ಆಗೋಕೆ ಮನಸ್ಸು ಬಂದಿಲ್ಲ, ಮಿಷನ್ನೇ ಆಗಿ ಬಂದ್ರು” ಎಂದು ತಿಳಿಸಿರುತ್ತಾರೆ. ತದನಂತರ ಸರ್ಕಾರಿ ಡಬ್ಬಿಯನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಲಾಗಿರುತ್ತದೆ.

ಮೇಲ್ಕಂಡ ಹಿನ್ನೆಲೆಯಲ್ಲಿ ಸಾರ್ವಜನಿಕರಿಗೂ ಎಲ್ಲ ಸಿಬ್ಬಂದಿಗೂ ಈ ಕೆಳಕಂಡಂತೆ ಸೂಚಿಸಲಾಗಿದೆ.

೧. ಎಡೆ ಇಡುವವರು ಕಡುಬನ್ನು ಎಲೆಯ ನಡುವೆ ಇಡತಕ್ಕದ್ದಲ್ಲ, ತುದಿಯಲ್ಲಿ ಇಡಬಹುದು. ತುದಿಯನ್ನು ಹಿರಿಯರು ಒಪ್ಪದ ಸಂದರ್ಭದಲ್ಲಿ ಕಡುಬನ್ನು ಚೌಕಾಕಾರವಾಗಿ ತಯಾರಿಸತಕ್ಕದ್ದು. ಚೌಕ ಕಡುಬು ಬೇಯುವುದಿಲ್ಲವೆಂಬ ಆಕ್ಷೇಪಣೆಗಳನ್ನು ಬೇಯಿಸಿದ ಮಾದರಿಯೊಂದಿಗೆ ಸಲ್ಲಿಸತಕ್ಕದ್ದು.

೨. ಮದುವೆ ಮುಂತಾದ ಸಮಾರಂಭಗಳಲ್ಲಿ, ಬಯಲಿನಲ್ಲಿ ಪಂಕ್ತಿ ಕೂರಿಸುವಾಗ, ಎಲೆಗೆ ಅನ್ನ ಬಿದ್ದ ಕೂಡಲೇ ಸಾರು ಸುರಿದು ಬಿಳುಪನ್ನು ಮರೆಮಾಚತಕ್ಕದ್ದು. ಸಾರಿನ ಬಕೆಟ್ಟಿನವರು ಅನ್ನದ ಬಕೆಟ್ಟಿನವರ ಬೆನ್ನು ಬಿಡತಕ್ಕದ್ದಲ್ಲ. ಮೊಸರನ್ನದ ಹಂತದಲ್ಲಿ ಊಟಗಾರರು ಎಲೆಯ ಮೇಲೆ ಬಾಗಿ, ಸ್ವಂತ ತಲೆಯಿಂದ ನೆರಳು ಒದಗಿಸತಕ್ಕದ್ದು.

೩. ವೀಳ್ಯದೆಲೆಗೆ ಸುಣ್ಣವನ್ನು ಸೂರಿನಡಿಯಲ್ಲಿ ಮಾತ್ರ ಹಚ್ಚತಕ್ಕದ್ದು. ಬಿಳಿ ಚುಕ್ಕಿಯ ಹಸಿರು ಸೀರೆ ಉಟ್ಟವರು ತಾರಸಿಯಲ್ಲಿ ಒಂದೇ ಕಡೆ ನಿಲ್ಲತಕ್ಕದ್ದಲ್ಲ. ನಿಂತು ಮಾತನಾಡುವುದು ಅನಿವಾರ್ಯವಾದಲ್ಲಿ ನಡೆಯುತ್ತ ಮಾತನಾಡತಕ್ಕದ್ದು.

೪. ತುಂಗೆಯ ನಾಲೆಗಳ ಅಂಚಿನ ಗದ್ದೆಗಳಲ್ಲಿ, ಹಸಿರು ಪೈರಿನ ನಡುವೆ ಒಂಟಿ ಬೆಳ್ಳಕ್ಕಿಗಳು ದೀರ್ಘಕಾಲ ಧ್ಯಾನಸ್ಥವಾಗಿ ನಿಲ್ಲುತ್ತಿರುವುದು ಕಚೇರಿಯ ಗಮನಕ್ಕೆ ಬಂದಿದೆ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ಅವು, ಯಾರೋ ಬರೆಯಲು ತೊಡಗಿ ಮೊದಲ ಅಕ್ಷರದಲ್ಲೇ ಕೈಬಿಟ್ಟ ಸಾಲುಗಳಂತೆ ತೋರುತ್ತವೆ. ಆದಾಗ್ಯೂ, ಅವು ಇನ್ನು ಮುಂದೆ ಜೋಡಿಯಾಗಿ ಮಾತ್ರ ನಿಲ್ಲತಕ್ಕದ್ದೆಂದು ಸೂಚಿಸಲಾಗಿದೆ. ಇದನ್ನು ಅವುಗಳಿಗೆ ತಿಳಿಸುವ ಹೊಣೆ ಆಯಾ ಗದ್ದೆಯ ಮಾಲೀಕರದ್ದಾಗಿರುತ್ತದೆ.

೫. ಎಡೆಯ ಎಲೆಯ ಮೇಲೆ ದೊರೆತ ಸರ್ಕಾರಿ ಮಾತ್ರೆಯನ್ನು ಹಿರಿಯರ ಪ್ರಸಾದವೆಂದು ಭಾವಿಸಿ ನುಂಗತಕ್ಕದ್ದಲ್ಲ. ಭಾವಿಸಿದ್ದೇ ಆದಲ್ಲಿ ಅಗಿದು ತಿನ್ನತಕ್ಕದ್ದು. ಸಾವಿತ್ರಮ್ಮನವರು ದೇವರ ಗೂಡಿನಿಂದ ಒಂದನ್ನು ಬೇಡಿ ಪಡೆದು ಕಣ್ಣಿಗೊತ್ತಿಕೊಂಡು ಸೇವಿಸಿದ್ದು, ಬಹಳ ದಿನಗಳ ಹೊಟ್ಟೆನೋವು ವಾಸಿಯಾಗಿದೆಯೆಂದು ಕೇರಿಯಲ್ಲಿ ಹೇಳಿಕೊಂಡು ಬರುತ್ತಿದ್ದಾರೆ. ಇದರ ಶ್ರೇಯಸ್ಸು ಆರೋಗ್ಯ ಕಾರ್ಯಕ್ರಮಕ್ಕೆ ಸಲ್ಲತಕ್ಕದ್ದೋ ಮೂರ್ತಪ್ಪನವರಿಗೆ ಸಲ್ಲತಕ್ಕದ್ದೋ ಎಂಬ ಬಗ್ಗೆ ಸ್ಪಷ್ಟೀಕರಣವನ್ನು ಕೋರಲಾಗಿದೆ.

೬. ಎಡೆಗೆ ಬಂದದ್ದು ಕಾಗೆಯೋ ಡ್ರೋನೋ ಎಂಬ ಸಂಶಯ ಉಂಟಾದಲ್ಲಿ ಸಾರ್ವಜನಿಕರು ಅದನ್ನು ಹೆಸರು ಹಿಡಿದು ಕರೆಯತಕ್ಕದ್ದು. ತಲೆಯನ್ನು ಓರೆ ಮಾಡಿ ನೋಡಿದರೆ ಕಾಗೆ. ನೋಡದಿದ್ದರೆ ಡ್ರೋನು, ಅಥವಾ ಸಿಟ್ಟಿನಲ್ಲಿರುವ ಹಿರಿಯರು.

೭. ಸರ್ಕಾರಿ ಡಬ್ಬಿಯ ವಸೂಲಾತಿಗಾಗಿ ಕಚೇರಿಯ ಅಧಿಕಾರಿಗಳು ಖುದ್ದಾಗಿ ದುರ್ಗಮ್ಮನವರ ಮನೆಗೆ ತೆರಳಿದ್ದು, ಅವರನ್ನು ಕಾಫಿ ಕೊಟ್ಟು ಬರಮಾಡಿಕೊಂಡರೂ ಡಬ್ಬಿಯನ್ನು ಕೊಡಲು ನಿರಾಕರಿಸಲಾಯಿತು. ಬಂದಿದ್ದು ಯಂತ್ರವೆಂದು ಮನವರಿಕೆ ಮಾಡಿಕೊಡಲು ಮಾಚೇನಹಳ್ಳಿಯಿಂದ ಶ್ರೀ ದೇವರಾಜ್ ಅವರನ್ನು ಕರೆಸಲಾಯಿತು. ಅವರು ಕ್ಯಾರಿಯರನ್ನು ತೊಳೆದು, ಖಾಲಿ ಪಾತ್ರೆ ಹಿಂದಿರುಗಿಸಬಾರದೆಂಬ ಮನೆಯ ರೂಢಿಯಂತೆ ಒಳಗೆ ಸಕ್ಕರೆ ಹಾಕಿ ತಂದಿದ್ದರು. ಸಾರು ಏನಾಯಿತೆಂದು ಕೇಳಲಾಗಿ, ತಲೆ ತಗ್ಗಿಸಿ, “ಬಿಸಿಬಿಸಿ ಇತ್ತಮ್ಮ. ನಮ್ ಹುಡುಗ್ರು ಬೆಳಗ್ಗಿಂದ ಉಪವಾಸ ಇದ್ರು. ಎಲ್ಲರೂ ಉಂಡ್ವಿ” ಎಂದರು.

ದುರ್ಗಮ್ಮನವರು ಕ್ಯಾರಿಯರಿನ ಮುಚ್ಚಳ ತೆಗೆದು ಸಕ್ಕರೆಯನ್ನು ನೋಡಿದರು, ಮುಚ್ಚಿದರು. “ಉಂಡ್ರಲ್ಲ, ಒಳ್ಳೇದಾಯ್ತು ಬಿಡಪ್ಪ” ಎಂದರು. ಕ್ಯಾರಿಯರನ್ನು ಬದಿಗಿಟ್ಟು, “ಹಂಗಾದ್ರೆ ಈ ಸಲಾನೂ ಅವ್ರು ಬರ್ಲಿಲ್ಲ” ಎಂದರು. ತಾವಾಗಿಯೇ ಎದ್ದು ಹೋಗಿ, ದೇವರ ಗೂಡಿನಿಂದ ಡಬ್ಬಿಯನ್ನು ತಂದು, ಕುಂಕುಮವನ್ನು ಸೆರಗಿನಿಂದ ಒರೆಸಿ ಅಧಿಕಾರಿಗಳ ಕೈಗಿತ್ತರು. ಡಬ್ಬಿಯ ವಸೂಲಾತಿಯು ಯಶಸ್ವಿಯಾಗಿದೆಯೆಂದು ಅಂದೇ ವರದಿ ಸಲ್ಲಿಸಲಾಗಿದೆ.

೮. ಡ್ರೋನಿನ ಸೈರನ್ನಿಗೆ ಹಳೆಯ ಮಿಲ್ಲಿನ ಸೈರನ್ನಿನ ಸ್ವರವನ್ನೇ ಆಯ್ದದ್ದು ಯಾವ ಮಾನದಂಡದ ಮೇರೆಗೆ ಎಂದು, ಅಧಿಕಾರಿಗಳು ಶಿವಮೊಗ್ಗಕ್ಕೆ ಮರಳುವ ಜೀಪು ಹತ್ತುವ ಮುನ್ನ, ದೇವರಾಜ್ ಅವರನ್ನು ಪ್ರಶ್ನಿಸಲಾಗಿತ್ತು. ತಾನು ಇದೇ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದವನೆಂದೂ, ತನ್ನ ತಂದೆಯೂ ಆ ಸ್ವರಕ್ಕೇ ಮನೆ ಬಿಟ್ಟು ಆ ಸ್ವರಕ್ಕೇ ಮನೆಗೆ ಬರುತ್ತಿದ್ದರೆಂದೂ, ಸೈರನ್ ಎಂದರೆ ಕಿವಿಯಲ್ಲಿ ಬೇರೆ ಯಾವುದೂ ಇಲ್ಲವೆಂದೂ, ಅದನ್ನು ಹೊಂದಿಸಲು ಮಳೆಗಾಲವಿಡೀ ಹಿಡಿಯಿತೆಂದೂ ಅವರು ಉತ್ತರಿಸಿದರು. ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡ ದುರ್ಗಮ್ಮನವರು ಕಚೇರಿಗೆ ಒಂದು ಮೌಖಿಕ ಮನವಿಯನ್ನು ಸಲ್ಲಿಸಿದರು: “ಡಬ್ಬಿ ಬೇಡ, ಮಿಷನ್ನೂ ಬೇಡ. ಅಮಾಸೆ ದಿನ ಇನ್ನೊಂದ್ಸಲ ಎಡೆ ಇಡ್ತೀನಿ. ಆ ಸೈರನ್ ಒಂದು ಊದಿಸ್ತೀರಾ ಸಾರ್?”

ಇದಕ್ಕೆ ಯಾವುದೇ ನಿಯಮದಲ್ಲಿ ಅವಕಾಶ ಕಂಡುಬಂದಿರುವುದಿಲ್ಲ. ಆದುದರಿಂದ ಮಹಾಲಯ ಅಮಾವಾಸ್ಯೆಯ ಸರ್ಕಾರಿ ರಜೆಯಂದು, ದಿನಭತ್ಯೆ ಇಲ್ಲದೆ, ‘ಸೈರನ್ ಮಾತ್ರದ ಜಂಟಿ ಸ್ಥಳ ತನಿಖೆ’ಯನ್ನು ಹಮ್ಮಿಕೊಳ್ಳಲಾಯಿತು. ಡ್ರೋನಿನ ರೆಕ್ಕೆಗಳನ್ನು ಬಿಚ್ಚಿ ಶಾಲೆಯ ಅಂಗಳದಲ್ಲಿ, ಮುಖ್ಯ ಶಿಕ್ಷಕಿಯವರು ಎರವಲು ಕೊಟ್ಟ ಹಸಿರು ಚಾಪೆಯ ಮೇಲೆಯೇ ಕೂರಿಸಲಾಯಿತು. ತಾರಸಿಯಲ್ಲಿ ಎಲೆ, ಕಡುಬು, ಕ್ಯಾರಿಯರು ಹಿಂದಿನಂತೆಯೇ ಇದ್ದವು. ಈ ಸಲ ಕ್ಯಾರಿಯರಿನ ಮುಚ್ಚಳ ತೆರೆದಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ದೇವರಾಜ್ ಅವರು ಸೈರನ್ ಊದಿಸಿದರು.

ಕ್ವಾರ್ಟರ್ಸಿನ ಮನೆಮನೆಗಳಿಂದ ವಯಸ್ಸಾದವರು ಹೊರಬಂದು, ಯಾರೂ ಹೇಳದೆ, ಕೈಗಳನ್ನು ತೊಳೆಯಲು ಆರಂಭಿಸಿದ್ದು ಕಂಡುಬಂದಿತು. ಸದ್ದು ಅಡಗಿದ ಮೇಲೆ ತಾರಸಿಯ ಕಟ್ಟೆಯ ಮೇಲೆ ಒಂದು ಕಾಗೆ ಬಂದು ಕುಳಿತಿತು. ದುರ್ಗಮ್ಮನವರು, ಈಗ ಖಂಡ ೬ರಲ್ಲಿ ಸೇರಿಸಲಾಗಿರುವಂತೆ, ಅದನ್ನು ಕರೆದರು. ಹೆಸರಿನಿಂದಲ್ಲ, “ಆಯ್ತಲ್ಲ ಸೈರನ್ನು, ಬನ್ನಿ” ಎಂದು. ಕಾಗೆಯು ತಲೆಯನ್ನು ಓರೆ ಮಾಡಿ ನೋಡಿತು. ಎಲೆಯ ಸುತ್ತ ಒಂದು ಸಲ ನಡೆಯಿತು. ಕಡುಬನ್ನು ಮುರಿದು ತಿಂದು, ಇನ್ನೊಂದು ತುಣುಕನ್ನು ಕೊಕ್ಕಿನಲ್ಲಿ ಹಿಡಿದುಕೊಂಡು ಮಿಲ್ಲಿನ ಚಿಮಣಿಯ ದಿಕ್ಕಿಗೆ ಹಾರಿತು.

ತನಿಖಾ ತಂಡದ ಸದಸ್ಯರೆಲ್ಲರಿಗೂ ಅದೇ ಸಮಯಕ್ಕೆ ಕಣ್ಣಿಗೆ ಧೂಳು ಬಿದ್ದ ಕಾರಣ ಸದರಿ ಕಾಗೆಯ ಗುರುತನ್ನು ಪತ್ತೆ ಹಚ್ಚಲು ಸಾಧ್ಯವಾಗಿರುವುದಿಲ್ಲ.

೯. ಆದುದರಿಂದ, ಸದರಿ ಸೈರನ್ನನ್ನು ಪ್ರತಿವರ್ಷ ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಕಾಗದನಗರದಲ್ಲಿ ‘ತಾಂತ್ರಿಕ ತಪಾಸಣೆ’ಗಾಗಿ ಒಮ್ಮೆ ಊದಿಸತಕ್ಕದ್ದೆಂದು ಈ ಮೂಲಕ ಆದೇಶಿಸಲಾಗಿದೆ. ತಪಾಸಣೆಯಲ್ಲಿ ದೋಷ ಕಂಡುಬಾರದಿದ್ದರೂ ಮರುವರ್ಷ ಮತ್ತೆ ತಪಾಸಿಸತಕ್ಕದ್ದು. ಡ್ರೋನು ಹಿಮಪರ್ವತಕ್ಕೆ ಹೋದರೂ ಸೈರನ್ ಇಲ್ಲಿಯೇ ಉಳಿಯತಕ್ಕದ್ದು; ಪರ್ವತಕ್ಕೆ ಬೇರೆ ಸ್ವರವನ್ನು ಹುಡುಕಿಕೊಳ್ಳತಕ್ಕದ್ದು. ಈ ಖಂಡಕ್ಕೆ ಕಾರಣವನ್ನು ಲಿಖಿತವಾಗಿ ಕೇಳತಕ್ಕದ್ದಲ್ಲ.

ಸಹಿ/-
ಪ್ರಭಾರ ಸಮನ್ವಯಾಧಿಕಾರಿ
(ನಿವೃತ್ತಿಯ ಅಂಚಿನಲ್ಲಿ)

ಪ್ರತಿಗಳು:
೧. ಮುಖ್ಯ ಶಿಕ್ಷಕಿಯವರು, ಕಾಗದನಗರ: ಹಸಿರು ಚಾಪೆಯನ್ನು ಒಂದನೇ ತರಗತಿಯ ಮೂಲೆಯಲ್ಲಿಯೇ ಉಳಿಸಿಕೊಳ್ಳಲು ಅನುಮತಿಯೊಂದಿಗೆ.
೨. ಶ್ರೀ ದೇವರಾಜ್, ಮಾಚೇನಹಳ್ಳಿ: ಹಸಿದಿರುವಾಗ ಪರೀಕ್ಷಾ ಹಾರಾಟ ನಡೆಸದಂತೆ ಎಚ್ಚರಿಕೆಯೊಂದಿಗೆ.
೩. ಸಕ್ರೆಬೈಲು ಆನೆ ಶಿಬಿರ: ಹಸಿರು ಹುಲ್ಲಿನ ಮೇಲೆ ಅನ್ನದ ಉಂಡೆ ಇಡುವ ಪದ್ಧತಿ ಇದ್ದಲ್ಲಿ ಆನೆಯನ್ನೇ ಅಡ್ಡ ನಿಲ್ಲಿಸುವ ಸಲಹೆಯೊಂದಿಗೆ.
೪. ಶ್ರೀಮತಿ ಸಾವಿತ್ರಮ್ಮ: ಇನ್ನೊಂದು ಮಾತ್ರೆಗಾಗಿ ಅವರು ಸಲ್ಲಿಸಿದ ಮನವಿಯನ್ನು ತಿರಸ್ಕರಿಸಲಾಗಿದೆ.
೫. ಬೆಳ್ಳಕ್ಕಿಗಳು: ಗದ್ದೆಯ ಮಾಲೀಕರ ಮೂಲಕ.
೬. ಶ್ರೀಮತಿ ದುರ್ಗಮ್ಮ: ಮಾಹಿತಿಗಾಗಿ.
೭. ಶ್ರೀ ಮೂರ್ತಪ್ಪ: ತಾರಸಿಯ ಕಟ್ಟೆಯ ಮೇಲೆ, ಗಾಳಿಗೆ ಹಾರದಂತೆ ಕಲ್ಲು ಹೇರಿ ಇಡತಕ್ಕದ್ದು. ಸ್ವೀಕೃತಿ ಬಂದಿದೆ.