ಅತ್ತೆಯ ಕಟ್ಟೆ, ಕಾರಭಾರಿಗಳ ಮೋಟಾರು

ಜಮಖಂಡಿಯ ನಮ್ಮ ಓಣಿಯಲ್ಲಿ ಒಂದು ಗೋಡೆಯೂ ನೆಟ್ಟಗಿಲ್ಲ. ಅಂದಮೇಲೆ ಅಲ್ಲಿ ಏನಾದರೂ ನೆಟ್ಟಗೆ ನಡೆದೀತು ಹೇಗೆ? ಸಂಸ್ಥಾನದವರು ಓಣಿ ಅಗಲ ಮಾಡಲು ಹೊರಟಾಗಿನ ಸಂಗತಿಗಳಿವು. ನಾನು ಪುಣೆಯ ಕಾಲೇಜಿನಲ್ಲಿ ಇತಿಹಾಸ ಓದಿ ಬಂದ ಸೊಸೆ. ಓದಿದ್ದರಲ್ಲಿ ಇದ್ಯಾವುದೂ ಇರಲಿಲ್ಲ.

೧. ಓಣಿಯ ಡೊಂಕು

ಓಣಿ ನಮ್ಮ ವಾಡೆಯ ಹತ್ತಿರ ಬಂದು ಇದ್ದಕ್ಕಿದ್ದಂತೆ ಡೊಂಕಾಗಿ, ಸಣ್ಣದಾಗುತ್ತದೆ. ಸಾಲಿ ಮಾಸ್ತರರೊಬ್ಬರು ಬಂದು ನಿಂತು ನೋಡಿ, "ವೈರಿಗಳ ಕುದುರಿ ಜೋರಿಲೆ ಬರಬಾರದಂತ ಹಿರ್ಯಾರು ಹಿಂಗ ಕಟ್ಯಾರ" ಎಂದರು. ನಾನೂ ತಲೆಯಾಡಿಸಿದೆ. ಪುಣೆಯಲ್ಲೂ ಹಾಗೇ ಹೇಳಿಕೊಟ್ಟಿದ್ದರು.

ಜೋಳ ಹಸನು ಮಾಡುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು.

"ಯಾ ಕುದುರಿರೀ ಮಾಸ್ತರ? ನಮ್ಮ ಮಾವನವರು ಗ್ವಾಡಿ ಒಂದು ಮೊಳ ಮುಂದ ತಂದ್ರು. ಅದನ್ನ ನೋಡಿ ಎದುರಿನ ಸಾಹುಕಾರರ ಅಪ್ಪ ಒಂದೂವರಿ ಮೊಳ ತಂದ. ಇವರು ಮತ್ತ ಕಟ್ಟಿ ಕಟ್ಟಿದ್ರು, ಅವರೂ ಕಟ್ಟಿದ್ರು. ದೇವರ ದಯಾ, ಇಬ್ಬರೂ ಲಗೂನ ತೀರಿಕೊಂಡ್ರು. ಇಲ್ಲಾಂದ್ರ ಇವತ್ತು ಓಣಿನ ಇರತಿದ್ದಿಲ್ಲ!"

೨. ಕೂಡ್ರುವ ಸರದಿ

ಆ ಕಟ್ಟೆ ಹೆಬ್ಬಾಗಿಲಿನ ಬಲಕ್ಕಿದೆ. ಸೊಂಟದೆತ್ತರದ ಕಲ್ಲು, ಮೇಲೆ ಮಣ್ಣು. ಅದರ ಮೇಲೆ ಕೂಡ್ರುವುದು ಗಂಡಸರ ಹಕ್ಕು. ಹೆಂಗಸರಿಗೆ ಆ ಹಕ್ಕು ಬರುವುದು ತಲೆ ನೆರೆತು, ಬೈಯುವ ಹಿರಿಯರೆಲ್ಲ ತೀರಿಹೋದ ಮೇಲೆ. ಅತ್ತೆ ಮದುವೆಯಾಗಿ ಬಂದಾಗಿನಿಂದ ಬಾಗಿಲ ಸಂದಿಯಿಂದಲೇ ಓಣಿ ನೋಡಿದವರು. ಈಗೀಗ ಹೊರಗೆ ಬಂದು ಕೂತು, ಹೋಗಿಬರುವವರನ್ನೆಲ್ಲ ವಿಚಾರಣೆ ಮಾಡಲು ಶುರುವಿಟ್ಟಿದ್ದರು. ಅವರ ನಂತರದ ಸರದಿ ನನ್ನದು. ಹಾಗಾಗಿ ಸಂಸ್ಥಾನದ ಓವರ್ಸಿಯರ್ ಬಂದ ದಿನ ನಾನೂ ಬಾಗಿಲ ಹಿಂದೆ ಕಿವಿಗೊಟ್ಟು ನಿಂತೆ.

"ಅವ್ವಾರ, ಹೊರಗ ಬಂದ ಕಟ್ಟಿ ಎಲ್ಲಾ ಒಡೀಬೇಕಂತ ಹುಕುಂ ಆಗೇತಿ" ಎಂದ ಅವನು.

ಅತ್ತೆ ಕೂತಲ್ಲಿಂದ ಏಳಲಿಲ್ಲ.

"ಕಟ್ಟಿ ಅವಾಗಿಂದ ಇಲ್ಲೇ ಐತೋ ತಮ್ಮಾ. ಈಗ ಹೊರಗ ಬಂದಾಕಿ ನಾನು!"

೩. ಕೆಂಪು ಗೆರೆ

ಎಲ್ಲಿಯವರೆಗೆ ಒಡೆಯಬೇಕೆಂದು ತಿಳಿಯಲು ಓವರ್ಸಿಯರ್ ಕಟ್ಟೆಗಳ ಮೇಲೆ ಕಾವಿಯಿಂದ ಗೆರೆ ಎಳೆದು ಹೋದ. ಬೆಳಗಾಗುತ್ತಲೇ ಅತ್ತೆ ದಿನದಂತೆ ಸಗಣಿ ಹಾಕಿ ಸಾರಿಸಿದರು. ಗೆರೆ ಹೋಯಿತು. ಅವನು ಮತ್ತೆ ಎಳೆದ, ಇವರು ಮತ್ತೆ ಸಾರಿಸಿದರು.

"ಹಿಂಗ್ಯಾಕ ಮಾಡ್ತೀರಿ ಅವ್ವಾರ?"

"ಮುಂಜಾನೆ ಕಟ್ಟಿ ಸಾರಸಬ್ಯಾಡ್ರಿ ಅಂತೂ ಹುಕುಂ ಆಗೇತೇನೋ?"

ರೋಸಿಹೋದ ಅವನು ಕೆಂಪು ಎಣ್ಣೆಬಣ್ಣ ತಂದು ಎಳೆದ. ಅದು ಯಾವ ಸಗಣಿಗೂ ಜಗ್ಗಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಹುರಮಂಜಿನ ಕೆಮ್ಮಣ್ಣು ಕಲಸಿ, ಅದರ ಆಚೀಚೆ ಅಂಥವೇ ನಾಲ್ಕಾರು ಕೆಂಪು ಗೆರೆ ಎಳೆದು, ನಡುನಡುವೆ ರಂಗೋಲಿ ಹಾಕಿದರು. ಅಂಚು ಬಹಳ ಛಂದ ಬಂತು. ಓಣಿಯ ಹೆಂಗಸರೆಲ್ಲ ನೋಡಿಕೊಂಡು ಹೋಗಿ ತಮ್ಮ ತಮ್ಮ ಕಟ್ಟೆಗೂ ಹಾಕಿದರು.

ಆಳುಗಳನ್ನು ಕರೆದುಕೊಂಡು ಬಂದ ಓವರ್ಸಿಯರ್ ಓಣಿಯ ಈ ತುದಿಯಿಂದ ಆ ತುದಿಗೆ ಅಡ್ಡಾಡಿ ಬಂದು ನಿಂತ.

"ಅವ್ವಾರ, ಇದರಾಗ ನಾ ಎಳದದ್ದು ಯಾವುದ್ರಿ?"

"ನಿನಗ ಛಂದ ಕಂಡದ್ದು ನಿಂದ ಅನ್ಕೋ, ತಮ್ಮಾ!"

೪. ಮೋಟಾರು ಬಂತು

ಕೆಲಸ ಯಾಕೆ ನಿಂತಿದೆ ಎಂದು ನೋಡಲು ಸಂಸ್ಥಾನದ ಕಾರಭಾರಿ ಸಾಹೇಬರೇ ಮೋಟಾರಿನಲ್ಲಿ ಬಂದರು. ಡೊಂಕಿಗೆ ಬಂದ ಮೋಟಾರು ನಮ್ಮ ಕಟ್ಟೆಗೂ ಎದುರಿನ ಸಾಹುಕಾರರ ಕಟ್ಟೆಗೂ ನಡುವೆ ಬೆಣೆ ಹೊಡೆದಂತೆ ಸಿಕ್ಕಿಬಿತ್ತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಎರಡೂ ಕಡೆಯ ಬಾಗಿಲು ತೆರೆಯಲು ಜಾಗವಿಲ್ಲ.

ಅತ್ತೆ ಕಟ್ಟೆಯ ಮೇಲೆಯೇ ಇದ್ದರು. ಮೋಟಾರಿನ ಕಿಟಕಿ ಅವರ ಮಗ್ಗುಲಿಗೇ ಬಂದಿತ್ತು.

"ಬರ್ರಿ ಸಾಹೇಬರ. ಮನಿಮಟಾ ಬಂದವರು ಹಂಗ ಹೋಗಬಾರದು."

ಬರುವುದೆಲ್ಲಿಂದ ಬಂತು? ಒಳಗಿನಿಂದ ಶೇಂಗಾದ ಉಂಡಿ ತರಿಸಿ ಕಿಟಕಿಯಲ್ಲೇ ಕೊಟ್ಟರು. ಅಷ್ಟು ನೋಡಿದ್ದೇ ತಡ, ಎದುರಿನ ಸಾಹುಕಾರ್ತಿ ಆ ಕಡೆಯ ಕಿಟಕಿಯಿಂದ ಕರದಂಟು ಚಾಚಿದರು. ಒಂದನ್ನು ತಿಂದು ಇನ್ನೊಂದನ್ನು ಬಿಡುವ ಹಾಗಿಲ್ಲ; ಸಾಹೇಬರು ಎರಡನ್ನೂ ತಿಂದರು. ಅತ್ತೆ ಚಹಾ ತರಿಸಿದರು. ಅತ್ತಲಿಂದ ಹಾಲು ಬಂತು.

"ಒಂದು ಕಟ್ಟಿ ಒಡದ್ರ ಮೋಟಾರ ಬಿಡತೈತ್ರಿ. ಯಾವುದು ಒಡೀಲಿ?" ಹಾರೆ ಹಿಡಿದ ಓವರ್ಸಿಯರ್ ಕೇಳಿದ.

"ಅವರದು!" ಎಂದರು ಅತ್ತೆ.

"ಅವರದು!" ಎಂದರು ಸಾಹುಕಾರ್ತಿ.

ಬಾಯಿತುಂಬ ಇಬ್ಬರ ಮನೆಯ ತಿನಿಸೂ ಇದ್ದ ಸಾಹೇಬರು ಯಾರ ಕಟ್ಟೆಯೆಂದು ಹೇಳಿಯಾರು? ಕೈಯಾಡಿಸಿ, ಎತ್ತು ಕಟ್ಟಿ ಹಿಂದಕ್ಕೆ ಎಳೆಸಲು ಸನ್ನೆ ಮಾಡಿದರು. ಸಾಹುಕಾರರ ಚಕ್ಕಡಿಯ ಎತ್ತುಗಳು ಬಂದವು. ಕಲ್ಲಿಗೆ ಬಣ್ಣವನ್ನೆಲ್ಲ ಕೊಟ್ಟು ಮೋಟಾರು ಈಚೆ ಬಂತು. ಸಾಹೇಬರು ಬಾಯಲ್ಲಿದ್ದದ್ದನ್ನು ನುಂಗಿ, "ಎರಡೂ ಇರಲಿ. ಮೋಟಾರಿಗೆ ಬ್ಯಾರೆ ದಾರಿ ನೋಡ್ರಿ" ಎಂದು ಹೋಗಿಬಿಟ್ಟರು.

ಓಣಿಯಲ್ಲಿ ಸಕ್ಕರೆ ಹಂಚಿದರು. ಅತ್ತೆ ಮಾತ್ರ ಉಳಿದ ಕಟ್ಟೆಯ ಮೇಲೆ ಸಪ್ಪೆ ಮೋರೆ ಹಾಕಿಕೊಂಡು ಕೂತಿದ್ದರು.

"ಕಟ್ಟಿ ಉಳೀತಲ್ಲರೀ ಅತ್ತಿ. ಮತ್ಯಾಕ ಹಿಂಗ ಕುಂತೀರಿ?" ಎಂದೆ.

"ನಮ್ಮದು ಉಳೀತು, ಖರೆ." ಎದುರಿನ ಕಟ್ಟೆಯತ್ತ ನೋಡಿ ನಿಟ್ಟುಸಿರುಬಿಟ್ಟರು. "ಅದೂ ಉಳೀತಲ್ಲ!"